ಜರಿ ಡಬ್ಬಿಯೊಳಗಿನ ಗುಳಿಗಿ

ನಿನ್ನೆ ಮುಂಜಾನೆ ಮಗ್ಗದಾಗ ಕುಂತಿದ್ದೆ. ಬಾಜೂ ಮನಿ ಸರೋಜ ಬಂದು, ಸೆರಗಿನ ಗಂಟು ಬಿಚ್ಚಿ ಒಂದು ಗುಳಿಗಿ ಪಾಕೀಟು ನನ್ನ ಕೈಯಾಗ ಇಟ್ಟಳು. ಆಕೆ ಗಂಡಗ ಕ್ಯಾನ್ಸರ್. ಇನ್ನ ವಾಸಿ ಆಗೂದಿಲ್ಲಂತ ಡಾಕ್ಟರು ಹೇಳಿ ತಿಂಗಳಾತು.

"ಮಾವಾ, ನರ್ಸಮ್ಮ ಕೊಟ್ಟ ನೋವಿನ ಗುಳಿಗಿ ಇವು. ನಿಮ್ಮ ಹತ್ರ ಜ್ವಾಪಾನ ಇಡ್ರಿ. ನನ್ನ ಕೈಯಾಗಿದ್ರ ಅವರು ಕೇಳಿದಾಗೆಲ್ಲ ಕೊಟ್ಟು ಖಾಲಿ ಮಾಡಿಬಿಡ್ತೀನಿ. ಕಡೀಗೆ ಬೇಕಲ್ಲ?"

ಮಗ್ಗ ತುಳಿಯೋ ಕಾಲು ನಿಂತುಬಿಡ್ತು. ಈ ಮಾತು ಆಕೀದಲ್ಲ, ನಂದು.

ನಮ್ಮ ಅಕ್ಕನ ವಿಷಯ ಹೇಳಬೇಕ್ರಿ ನಿಮಗ. ಮಕ್ತಲ ಊರಿಗೆ ಮದುವಿ ಮಾಡಿ ಕೊಟ್ಟಿದ್ವಿ. ಗಂಡ ತೀರಿದ ಮ್ಯಾಲೆ ನಾರಾಯಣಪೇಟೆಗೆ, ನಮ್ಮ ಮನಿಗೇ ಬಂದಳು. ಬಾಯಿ ಭಾಳ ಜೋರು. ನಾನು ನೇಯ್ದ ಅಂಚು ನೋಡಿ, "ಗದ್ವಾಲದ ನೇಕಾರರು ಕಂಡ್ರ ನಗ್ತಾರೋ" ಅಂತಿದ್ಲು. ನನಗೀಗ ಅರವತ್ತು ದಾಟೈತಿ, ಆ ಅಂಚು ಇನ್ನೂ ಸೊಟ್ಟನ ಬರ್ತೈತಿ.

ಆಕೆಗೆ ಎಲುಬಿನ ಕ್ಯಾನ್ಸರ್ ಆತು. ಇನ್ನ ಮನ್ಯಾಗ ಇರ್ಲಿ, ನೋವು ನೋಡ್ಕೊಳ್ಳಾಕ ನರ್ಸಮ್ಮ ಬರ್ತಾಳ ಅಂದ್ರು ದವಾಖಾನಿಯವರು. ನರ್ಸಮ್ಮನ ದವಾಖಾನಿ ಜೀಪು ನಮ್ಮ ಓಣಿಗೆ ಬಂದ ಮೊದಲ ದಿನ ಏನಾತು ಗೊತ್ತೇನ್ರಿ? ಇಂಥ ಗಾಡಿ ಬಂತಂದ್ರ ಮುಗೀತು ಅಂತ ತಿಳಕೊಂಡು, ಎದುರು ಮನಿ ಮುದುಕಿ ಎದಿ ಬಡಕೊಂಡು ಅಳಕೋತ ಬಂದಳು. ಒಳಗಿಂದ ಅಕ್ಕ ಕೂಗಿದಳು: "ಇನ್ನೂ ಇದ್ದೀನವ್ವಾ! ಬಂದದ್ದು ಬಂದೀ, ಚಾ ಕುಡದು ಹೋಗು." ಎಲ್ಲರೂ ನಕ್ಕೆವು. ಮುದುಕಿಗೆ ನಕ್ಕ ನಾನೇನು ಶಾಣ್ಯಾನಾ? ಆಕೆ ತಪ್ಪು ಒಂದು ಕಪ್ ಚಾದಾಗ ಮುಗೀತು.

ನರ್ಸಮ್ಮ ಬಿಡಿಸಿ ಬಿಡಿಸಿ ಹೇಳಿದ್ಲು. ನಾಕು ತಾಸಿಗೊಂದು ಗುಳಿಗಿ. ನೋವು ಬರೂತನಕ ಕಾಯಬ್ಯಾಡ್ರಿ. ಸಾಲದಿದ್ರ ಹೇಳ್ರಿ, ಹೆಚ್ಚು ಮಾಡ್ತೀವಿ. ನಾನು ತಲಿ ಆಡಿಸಿದೆ. ಆಕೆ ಹೋದ ಮ್ಯಾಲೆ ಗುಳಿಗಿ ಒಯ್ದು ಜರಿ ಡಬ್ಬಿಯೊಳಗ ಇಟ್ಟೆ. ನೇಕಾರನ ಬುದ್ಧಿ ಅದು. ಒಳ್ಳೆ ಜರಿ ಇದ್ರ ಸೀರಿ ಒಡಲಿಗೆ ಹಾಕೂದಿಲ್ಲ, ಸೆರಗಿಗೆ ಅಂತ ತಗದಿಡ್ತೀವಿ. ಇಂಥ ಖಡಕ್ ಔಷಧಿ ಈಗಲೇ ಕೊಟ್ರ ಮೈಗೆ ರೂಢಿ ಆಗಿ, ಕಡೀಗೆ ಯಾವುದೂ ಹತ್ತೂದಿಲ್ಲ ಅಂತ ನಾನೇ ಅಂದ್ಕೊಂಡೆ. ಯಾರನ್ನೂ ಕೇಳಲಿಲ್ಲ.

ದಿನಕ್ಕ ಒಂದು ಕೊಡ್ತಿದ್ದೆ. ಒಮ್ಮೊಮ್ಮೆ ಅರ್ಧ.

"ತಮ್ಮಾ, ಇನ್ನೊಂದು ಕೊಡೋ."

"ತಡಕೋ ಅಕ್ಕಾ, ಮುಂದ ಬೇಕಾಗ್ತಾವ."

ಆಕೆ ಸೆರಗು ಬಾಯಾಗ ತುರುಕ್ಕೊಂಡು ಗ್ವಾಡಿ ಕಡೆ ಹೊಳ್ಳತಿದ್ಲು. ಬರಬರ್ತಾ ನನ್ನ ಬೈಯೂದು ಬಿಟ್ಟಳು. ಅಂಚಿನ ಮಾತೂ ಬಿಟ್ಟಳು. ನರ್ಸಮ್ಮ ಬಂದು ತೆಲುಗಿನ್ಯಾಗ "ನೊಪ್ಪಿ ತಗ್ಗಿಂದಾ, ಪೆದ್ದಮ್ಮಾ?" ಅಂತ ಕೇಳಿದ್ರ, ನಾನೇ ಮುಂದ ಬಿದ್ದು "ನೋವು ಕಡಿಮಿ ಆಗೈತ್ರಿ" ಅಂತಿದ್ದೆ. ಅಕ್ಕ ನನ್ನ ಮುಖ ನೋಡಿ ಸುಮ್ಮನಾಗ್ತಿದ್ಲು. ಅಷ್ಟು ನೋವಿನ್ಯಾಗೂ ನನ್ನ ಮರ್ಯಾದಿ ಕಾಯ್ದಳು.

ನಾನು ಕಾಯ್ತಿದ್ದ ಆ ಕಡೀ ದಿನ ಬಂತು. ಡಬ್ಬಿ ತಗದು, ಎರಡು ಗುಳಿಗಿ ಒಮ್ಮೆಲೆ ಕೊಡಾಕ ಹೋದೆ. ಆಕೆಗೆ ನುಂಗಾಕ ಆಗಲಿಲ್ಲ. ನೀರು ಕಟವಾಯಿಂದ ಹರದು ಹೋತು, ಗುಳಿಗಿ ನಾಲಿಗಿ ಮ್ಯಾಲೇ ಉಳದ್ವು. ಬೆರಳು ಹಾಕಿ ನಾನೇ ತಗದೆ. ಮಧ್ಯಾಹ್ನದೊಳಗ ಹೋದಳು.

ಉಳಿದ ಔಷಧಿ ವಾಪಸ್ ಒಯ್ಯಾಕ ನರ್ಸಮ್ಮ ಬಂದಳು. ಡಬ್ಬಿ ನೋಡಿ "ಇಷ್ಟು ಉಳಿದಾವೇನ್ರಿ?" ಅಂದಳು. ಬೈದಿದ್ರ ಚಲೋ ಇತ್ತು. ಬೈಲಿಲ್ಲ. ನಾನೂ ಇದನ್ನ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ.

ನಿನ್ನೆ ಸರೋಜನ ಮುಂದ ಬಿಟ್ಟೆ. ಮಗ್ಗದಿಂದ ಎದ್ದು ಆಕೆ ಮನಿಗೇ ಹೋದೆ. ಗಂಡ ಗ್ವಾಡಿ ಕಡೆ ಹೊಳ್ಳಿ, ಟವೆಲ್ಲು ಕಚ್ಚಿಕೊಂಡು ಮಲಗಿದ್ದ. ಆ ಬೆನ್ನು ನನಗ ಗುರ್ತಿತ್ತು. ಗುಳಿಗಿ ನನ್ನ ಕೈಯಾರೆ ಬಿಚ್ಚಿ ಕೊಟ್ಟೆ. ಮುಂದಿಂದು ಎಷ್ಟು ಗಂಟೆಗೆ ಅಂತ ಗ್ವಾಡಿ ಮ್ಯಾಲೆ ಇದ್ದಲಿಯಿಂದ ಬರದೆ. ಸಾಲದಿದ್ರ ನರ್ಸಮ್ಮಗ ಫೋನ್ ಮಾಡು, ನನ್ನಂಗ ಸುಳ್ಳು ಹೇಳಬ್ಯಾಡ ಅಂದೆ. ಅರ್ಧ ತಾಸು ಆಗಿರಬೇಕು, ಅವನ ಮುಷ್ಟಿ ಸಡಿಲಾತು. ಬಾಯಾಗಿನ ಟವೆಲ್ಲು ಜಾರಿ ಬಿತ್ತು.

ಸರೋಜ ಹೆದರಿ ನನ್ನ ಕೈ ಹಿಡದಳು. "ಮಾವಾ, ಯಾಕ ಹಿಂಗ ಸುಮ್ಮನಾದ್ರು?"

"ನಿದ್ದಿ ಹತ್ತೈತವ್ವಾ."

ಅವ ಒಮ್ಮೆ ಗೊರಕಿ ಹೊಡದ. ಆಕೆ ಅಲ್ಲೇ ಕುಂತು ಆ ಗೊರಕಿ ಕೇಳಿದಳು. ನಾನು ಹೊರಗ ಕಟ್ಟಿ ಮ್ಯಾಲೆ ಬಂದು ಕುಂತು ಅತ್ತೆ. ಅರ್ಧ ತಾಸಿನ ಕೆಲಸ ಇತ್ತಲ್ರಿ ಅದು. ನಮ್ಮ ಅಕ್ಕಗ ಎರಡು ತಿಂಗಳು ಅದನ್ನ ಕೊಡಲಿಲ್ಲ ನಾನು.