ಗೂಡಿನ ಬೆನ್ನಿಗೆ ಬಿಟ್ಟ ತೂತು

ಗುಂಡ್ಲುಪೇಟೆಯಲ್ಲಿ ಕೇರಳ ರಸ್ತೆ ಊಟಿ ರಸ್ತೆಯಿಂದ ಬೇರೆಯಾಗುವ ಕಡೆ, ಒಂದು ಟೀ ಅಂಗಡಿಯ ಮುಂದೆ, ಲಾರಿಯ ಹಿಂಚಕ್ರದಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಎರಡು ವರ್ಷದ ಹಿಂದೆ, ಶಿವರಾತ್ರಿ ಕಳೆದ ಮೊದಲ ಗುರುವಾರ, ಸಂಜೆ ಆರೂ ನಲವತ್ತು. ಕೈಗಡಿಯಾರ ನೋಡಿದ್ದರಿಂದ ಇಷ್ಟು ಖಚಿತವಾಗಿ ಹೇಳಬಲ್ಲೆ.

ಲಾರಿಯಲ್ಲಿದ್ದದ್ದು ಎಂಟು ಕಾಂಕ್ರೀಟ್ ದಿಮ್ಮಿಗಳು. ಒಂದೊಂದರಲ್ಲೂ ನಾಲ್ಕು ಗೂಡು. ಕೇರಳದ ಒಂದು ಮೀನುಗಾರರ ಸಂಘ ಅವನ್ನು ಕಡಲ ತಳದಲ್ಲಿ ಇಳಿಸಲಿತ್ತು. ಆಕ್ಟೋಪಸ್ ಹೆಣ್ಣು ಇಂಥ ಗೂಡು ಹೊಕ್ಕು ಮೊಟ್ಟೆಯಿಟ್ಟು, ಮರಿಯಾಗುವವರೆಗೂ ಕಾದು ಕೂರುತ್ತದಂತೆ. ಆ ಜಾಗದಲ್ಲಿ ಯಾರೂ ಹಿಡಿಯಬಾರದು, ಮರಿಗಳು ಸುತ್ತ ಹರಡಿದ ಮೇಲೆ ಹೊರಗೆ ಹಿಡಿಯಬಹುದು ಎಂಬುದು ಅವರ ಒಪ್ಪಂದ. ಬದನಗುಪ್ಪೆಯ ಸಿಮೆಂಟ್ ಯಾರ್ಡಿನಲ್ಲಿ ಸೂಪರ್‌ವೈಸರ್ ಆಗಿದ್ದ ನಾನು ಗೂಡಿನ ನಕ್ಷೆ ಬರೆದೆ. ಆಕ್ಟೋಪಸನ್ನು ಕಂಡವನಲ್ಲ.

ಕಟ್ಟಿದವರು ಹರದನಹಳ್ಳಿಯ ಮೇಸ್ತ್ರಿ. ಅರವತ್ತು ದಾಟಿತ್ತು, ಬಾವಿಗೆ ಸಿಮೆಂಟ್ ಬಳೆ ಮಾಡಿಯೇ ಬದುಕಿದವರು. ಗೂಡಿನ ಬಾಯಿ ಕಿರಿದು, ಹೊಟ್ಟೆ ಅಗಲ. ಗೋಣಿಚೀಲಕ್ಕೆ ಮರಳು ತುಂಬಿ ನಡುವೆ ಇಟ್ಟು ಕಾಂಕ್ರೀಟ್ ಸುರಿಯೋಣ, ಗಟ್ಟಿಯಾದ ಮೇಲೆ ಚೀಲ ಹರಿದು ಬಾಯಿಂದಲೇ ಮರಳು ಸುರಿಸೋಣ ಎಂದರು. ಅಳತೆ ಒಂದೇ ಸಮ ಬರುವುದಿಲ್ಲವೆಂದು ನಾನು ಮರದ ಅಚ್ಚು ಮಾಡಿಸಿದೆ. ಅದನ್ನು ಹಿಂದಿನಿಂದ ಬಡಿದು ತುಂಡುತುಂಡಾಗಿ ಬಾಯಿಂದ ಕಳಚಲು ಪ್ರತಿ ಗೂಡಿನ ಬೆನ್ನಿಗೂ ಮೂರು ಬೆರಳಗಲದ ತೂತು ಬೇಕಾಯಿತು.

"ಕಾವಿಗೆ ಕೂರೋ ಕೋಳಿ ಬೆನ್ನ್ ಹಿಂದೆ ಗ್ವಾಡೆ ಕೇಳ್ತದೆ ಸಾ," ಎಂದರು ಮೇಸ್ತ್ರಿ. "ಎಲ್ಡ್ ಕಡೆ ತೆರ್ದಿದ್ರೆ ಕೂರಲ್ಲ."

ಸಿಮೆಂಟ್ ಕಲೆಸುತ್ತಿದ್ದ ಉಮ್ಮತ್ತೂರಿನ ಹೆಂಗಸು ನಕ್ಕಳು. "ಏನ್ ಮಾವ, ಎಂಟ್ ಕಾಲಿನವಳ ಬಾಣಂತನ ನಿಂದೇನಾ?"

"ಊಂ ಕಣಮ್ಮಿ. ನಿಂಗೂ ಒಂದ್ ಗೂಡ್ ಕಟ್ಕೊಡ್ಲಾ?"

ಕೊನೆಗೆ ಮುಚ್ಚಿದರಾಯಿತು ಎಂದೆ ನಾನು. ಆದರೆ ನೆನೆಹಾಕಿದ ತೊಟ್ಟಿಯಿಂದ ದಿಮ್ಮಿಗಳನ್ನು ಎತ್ತಬೇಕಿದ್ದ ಕ್ರೇನು ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂತು. ತೂತು ತೆರೆದೇ ಇದ್ದವು. ಬೆನ್ನು ಮೇಲಾಗಿ ಲೋಡಾಯಿತು. ದಾರಿಯಲ್ಲಿ ಎಲ್ಲಾದರೂ ನಿಂತಾಗ ಮುಚ್ಚುತ್ತೇನೆಂದು ಮೇಸ್ತ್ರಿ ಬಕೆಟ್ಟು, ಕರಣೆ, ಅರ್ಧ ಚೀಲ ಸಿಮೆಂಟ್ ಹಿಡಿದು ಲಾರಿ ಹತ್ತಿದರು. ನಾನೂ ಹತ್ತಿದೆ.

ಗುಂಡ್ಲುಪೇಟೆಯಲ್ಲಿ ನಿಂತ ಕೂಡಲೇ ಅವರು ಟೀ ಕೂಡ ಕುಡಿಯದೆ ಮೇಲೇರಿದರು. "ಮುಕ್ಕಾಲ್ ಗಂಟೆ ಕೊಡಿ ಸಾ. ಎಲ್ಲಾನೂ ಮುಚ್ಬುಡ್ತೀನಿ."

ಗುಂಡ್ಲುಪೇಟೆಯವನೇ ಆದ ಡ್ರೈವರ್ ಗ್ಲಾಸು ಕೆಳಗಿಟ್ಟ. "ಓಗನ ಕಣಣ್ಣೋ. ಒಂಬತ್ತಕ್ಕೆ ಕಾಡಿನ ಗೇಟ್ ಹಾಕ್ಬುಟ್ರೆ ನಿನ್ ನೀರಾಳಿ ಮನೆಗಳ್ನೆಲ್ಲಾ ನಮ್ಮಟ್ಟಿ ಮುಂದೆ ಮಡಿಕ್ಕಬೇಕಾಯ್ತದೆ." ಆಕ್ಟೋಪಸ್ಸಿಗೆ ಮಲಯಾಳಿಗಳು ಹೇಳುವ ಹೆಸರು ಅವನಿಗೆ ಗೊತ್ತಿತ್ತು.

ಇಬ್ಬರೂ ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿದೆ. "ಬೇಡ, ಇಳೀರಿ ಮೇಸ್ತ್ರಿ. ಅಲ್ಲಿಯವರಿಗೆ ಫೋನ್ ಮಾಡ್ತೀನಿ, ಅವರೇ ಮುಚ್ಚಿಕೊಳ್ತಾರೆ," ಎಂದೆ.

ನಮ್ಮಿಬ್ಬರನ್ನು ಅಲ್ಲೇ ಬಿಟ್ಟು ಲಾರಿ ಹೊರಟಿತು. ಗೇಟು ದಾಟಿದೆ ಎಂದು ಡ್ರೈವರ್ ಫೋನ್ ಮಾಡಿದಾಗ ಏಳೂ ಇಪ್ಪತ್ತೈದು. ಮೇಸ್ತ್ರಿ ಕೇಳಿದ ಹೊತ್ತು ನಮ್ಮ ಬಳಿ ಇತ್ತು. ಇನ್ನೂ ಮಿಕ್ಕುತ್ತಿತ್ತು.

ನಾನು ಕೇರಳಕ್ಕೆ ಫೋನ್ ಮಾಡಲಿಲ್ಲ. ಮರೆತೆ ಎಂದು ಬಹಳ ದಿನ ಹೇಳಿಕೊಂಡೆ. ಮರೆತಿರಲಿಲ್ಲ. ಕೆಲಸ ಅರ್ಧಕ್ಕೆ ಬಿಟ್ಟಿದ್ದೇವೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಿ ನಾಳೆ, ನಾಡಿದ್ದು ಎಂದು ಮುಂದೂಡಿದೆ. ಅಷ್ಟರಲ್ಲಿ ದಿಮ್ಮಿಗಳನ್ನು ಕಡಲಿಗೆ ಇಳಿಸಿದ್ದರು.

ಮಳೆಗಾಲ ಮುಗಿದ ಮೇಲೆ ಸಂಘದವರು ವಿಡಿಯೊ ಕಳಿಸಿದರು. ಮುಳುಗು ಹಾಕಿ ತಳಕ್ಕಿಳಿದವನ ಟಾರ್ಚು ಒಂದೊಂದೇ ಗೂಡಿನೊಳಗೆ ಬಿತ್ತು. ಕೆಲವು ಖಾಲಿ. ಉಳಿದವುಗಳಲ್ಲಿ ಹಾವುಮೀನು, ಹಿಂದಿನಿಂದ ನುಗ್ಗಿ ಮುಂದೆ ತಲೆಯಿಟ್ಟುಕೊಂಡವು. ಒಂದೇ ಒಂದು ಗೂಡಿನಲ್ಲಿ ಆಕ್ಟೋಪಸ್ ಇತ್ತು. ಅದು ಚಿಪ್ಪು, ಕಲ್ಲುಚೂರು ತಂದು ಬೆನ್ನಿನ ತೂತಿಗೆ ತುರುಕಿ, ಗೂಡಿನ ಮಾಡಿಗೆ ತೂಗುಬಿಟ್ಟ ಮೊಟ್ಟೆಗಳ ಕೆಳಗೆ ಮುದುರಿ ಕೂತಿತ್ತು.

ವಿಡಿಯೊ ನೋಡಿದ ಯಾರ್ಡಿನ ಮಾಲೀಕರು ತೊಟ್ಟಿಯ ಪಕ್ಕದಲ್ಲಿ ನಿಂತು ಕೇಳಿದರು: "ಈ ತೂತು ಮುಚ್ಚಬೇಕಾಗಿತ್ತಲ್ವಾ?"

"ಮುಚ್ಚೋಕೆ ಮೇಸ್ತ್ರಿಗೆ ಹೇಳಿದ್ದೆ," ಎಂದೆ.

ಒಂದೊಂದು ಪದವನ್ನೂ ಬಿಡಿಸಿ ನೋಡಿದರೆ ಅದರಲ್ಲಿ ಸುಳ್ಳಿಲ್ಲ. ಹೇಳಿದ್ದು ನಿಜ. ಲಾರಿಯಿಂದ ಇಳಿಸಿದ್ದನ್ನು ಹೇಳಲಿಲ್ಲ, ಅಷ್ಟೆ.

ಉಮ್ಮತ್ತೂರಿನ ಹೆಂಗಸು ಪಕ್ಕದಲ್ಲೇ ಸಿಮೆಂಟ್ ಕಲೆಸುತ್ತಿದ್ದಳು, ಮೇಸ್ತ್ರಿ ಮೂರು ಮಾರು ಆಚೆ ಬಾವಿಯ ಬಳೆ ಉಜ್ಜುತ್ತಿದ್ದರು. ಕೇಳಿಸಿತು. ನನ್ನತ್ತ ನೋಡಿದರು; ನಾನು ಬಾಯಿ ತೆರೆಯಲೆಂದು ಕಾದರು ಅನ್ನಿಸುತ್ತದೆ. ಆಮೇಲೆ ಕರಣೆ ತೊಳೆದು, ಬಟ್ಟೆಯಲ್ಲಿ ಸುತ್ತಿ, ಹರದನಹಳ್ಳಿಗೆ ಹೋದರು. ಮರುದಿನ ಬರಲಿಲ್ಲ, ಯಾರೂ ಕರೆಯಲೂ ಇಲ್ಲ. ಎರಡನೆಯ ಸಲ ಗೂಡು ಮಾಡುವ ಕೆಲಸ ನಮಗೇ ಬಂತು. ಗೋಣಿಚೀಲದಲ್ಲೇ ಮಾಡಿದೆವು, ಬೆನ್ನಿಗೆ ತೂತಿಲ್ಲದೆ, ಮೇಸ್ತ್ರಿ ಇಲ್ಲದೆ. ಕಳೆದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಅವರ ಮಗನಿಗೆ ಏನೂ ಹೇಳಲಾಗಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಾತನ್ನೇ ನಂಬಬೇಕಿಲ್ಲ. ಮೇಸ್ತ್ರಿಯನ್ನು ನಾನು ಲಾರಿಯಿಂದ ಇಳಿಸಿದ್ದನ್ನು ಕಂಡವನು ಆ ಡ್ರೈವರ್. ಈಗಲೂ ಕೇರಳ ರಸ್ತೆಯಲ್ಲಿ ಲಾರಿ ಓಡಿಸುತ್ತಾನೆ. ತೊಟ್ಟಿಯ ಪಕ್ಕ ನಾನಾಡಿದ್ದನ್ನು ಕೇಳಿದವಳು ಉಮ್ಮತ್ತೂರಿನ ಆ ಹೆಂಗಸು. ಬದನಗುಪ್ಪೆಯಲ್ಲೇ ಬೇರೊಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದಾಳೆ. ಬಸ್ಸಿನಲ್ಲಿ ಎದುರಾದರೆ ನನ್ನನ್ನು ಮಾತಾಡಿಸುವುದಿಲ್ಲ.