ಬೆಂದ ಬೇಳೆ, ಹಸಿ ಬೇಳೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಪುತ್ತೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಾ, ಜೊತೆಗೆ ಪಿಎಚ್.ಡಿ.ಗೆಂದು ಇಲಿಯ ವೀರ್ಯಾಣುಗಳ ಹಿಂದೆ ಬಿದ್ದಿದ್ದೆ. ಏನು ಸಂಶೋಧನೆ ಎಂದು ಯಾರಾದರೂ ಕೇಳಿದರೆ ‘ಇಲಿ’ ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದೆ. ಮದುವೆಯಾಗದ ಹೆಣ್ಣು ಬಸ್ಸಿನಲ್ಲಿ ನಿಂತು ಉಳಿದದ್ದನ್ನು ವಿವರಿಸುವ ಕಾಲ ಅದಾಗಿರಲಿಲ್ಲ.

ವಿಷಯ ಇಷ್ಟೇ. ಬೆಳೆಯುತ್ತಿರುವ ವೀರ್ಯಾಣುವಿನಲ್ಲಿ ಅಲ್ಲಲ್ಲಿ ಸಕ್ಕರೆಯ ಅಣುಗಳು ಅಂಟಿಕೊಂಡಿರುತ್ತವೆ. ಯಾವ ಹಂತದಲ್ಲಿ ಯಾವ ಸಕ್ಕರೆ, ಎಲ್ಲಿ ಎಂದು ಪತ್ತೆ ಮಾಡಬೇಕು. ಪತ್ತೆ ಮಾಡಿಕೊಡುವುದು ಲೆಕ್ಟಿನ್ ಎಂಬ ಪ್ರೋಟೀನು. ಅದು ತನಗೆ ಒಗ್ಗುವ ಸಕ್ಕರೆಯನ್ನು ಗುರುತಿಸಿ ಹಿಡಿಯುತ್ತದೆ, ಉಳಿದದ್ದರ ಗೋಜಿಗೆ ಹೋಗುವುದಿಲ್ಲ. ಅಂಥದ್ದು ಹಲಸಿನ ಬೇಳೆಯಲ್ಲಿ, ಅಂದರೆ ಹಲಸಿನ ಹಣ್ಣಿನ ಬೀಜದಲ್ಲಿ, ಧಾರಾಳವಾಗಿದೆ ಎಂದು ಓದಿದ ದಿನ ಪುಸ್ತಕ ಮುಚ್ಚಿ ಸುಮ್ಮನೆ ಕುಳಿತುಬಿಟ್ಟೆ. ಇಷ್ಟು ವರ್ಷ ಸಾಂಬಾರಿಗೆ ಹಾಕಿ ಉಂಡದ್ದು ಇದನ್ನೇ.

ಕೋಡಿಂಬಾಳದ ನಮ್ಮ ಮನೆಗೆ ಕಾಗದ ಬರೆದೆ, ಬೇಳೆ ಬೇಕು ಎಂದು. ಹದಿನೈದು ದಿನ ಕಳೆದು ನಮ್ಮೂರ ಕಡೆಯಿಂದ ಬರುವ ಕಡಬದ ಬಸ್ಸಿನ ಕಂಡಕ್ಟರ್ ಒಂದು ಕಟ್ಟು ಕೊಟ್ಟ. ಬಿಚ್ಚಿದರೆ ಸಾಂತಾಣಿ. ಅಂದರೆ ಉಪ್ಪುನೀರಿನಲ್ಲಿ ಬೇಯಿಸಿ, ಬಿಸಿಲಿಗೆ ಹಾಕಿ, ಕಲ್ಲಿನಂತೆ ಒಣಗಿಸಿದ ಬೇಳೆ. ಹಸಿಯದ್ದನ್ನು ಕಳಿಸಿದರೆ ಕೊಳೆತೀತು ಎಂದು ಅಮ್ಮನ ಮುನ್ನೆಚ್ಚರಿಕೆ. ತಿನ್ನಲು ಅದಕ್ಕಿಂತ ರುಚಿ ಬೇರೆ ಇಲ್ಲ, ಆದರೆ ಕುದಿಸಿದ ಮೇಲೆ ಲೆಕ್ಟಿನ್ ಸತ್ತ ಹಾಗೆಯೇ. ನನಗೋ ಮೂಗಿನ ತುದಿಯಲ್ಲೇ ಕೋಪ. ಶನಿವಾರ ಬಸ್ಸು ಹತ್ತಿದೆ.

ಜಗಳಕ್ಕೆಂದು ಹೋದವಳಿಗೆ ಅಲ್ಲಿ ಬೇರೆಯೇ ಸುದ್ದಿ ಕಾದಿತ್ತು. ಅಣ್ಣನಿಗೆ ಇನ್ನೊಂದು ಹೆಣ್ಣು ಹುಡುಕುತ್ತಿದ್ದರು. ಮದುವೆಯಾಗಿ ಎಂಟು ವರ್ಷ, ಮಕ್ಕಳಿರಲಿಲ್ಲ. ಅತ್ತಿಗೆಯನ್ನು ಪುತ್ತೂರು, ಮಂಗಳೂರಿನ ಡಾಕ್ಟರರಿಗೆಲ್ಲ ತೋರಿಸಿಯಾಗಿತ್ತು. ಏನೂ ತೊಂದರೆ ಕಾಣುವುದಿಲ್ಲ ಎಂದಿದ್ದರು. ಅಣ್ಣನನ್ನು ಯಾರಿಗೂ ತೋರಿಸಿರಲಿಲ್ಲ.

“ಅವನಿಗೆ ಎಂತ ಆಗಿದೆ? ಗುಂಡುಕಲ್ಲಿನ ಹಾಗೆ ಇದ್ದಾನೆ,” ಎಂದರು ಅಮ್ಮ. “ಬೀಜ ಒಳ್ಳೆಯದೇ ಉಂಟು. ಮಣ್ಣು ಸರಿ ಇಲ್ಲದಿದ್ದರೆ ಎಂತ ಮಾಡುದು?”

ಕಾನೂನು ಬಿಡುವುದಿಲ್ಲ ಎಂದೆ. “ಅವಳೇ ಒಪ್ಪಿದ್ದಾಳೆ,” ಎಂದರು. ಒಪ್ಪಿದವಳು ಅಲ್ಲೇ ಮೂಲೆಯಲ್ಲಿ ಕುಳಿತು, ಮಳೆಗಾಲಕ್ಕೆಂದು ಕೆಮ್ಮಣ್ಣು ಮೆತ್ತಿ ಇಟ್ಟಿದ್ದ ಹಸಿ ಬೇಳೆಗಳನ್ನು ಒಂದೊಂದೇ ಒರಸಿ ನನ್ನ ಚೀಲಕ್ಕೆ ತುಂಬುತ್ತಿದ್ದಳು. “ಅಷ್ಟು ಸಣ್ಣದನ್ನೆಲ್ಲ ನೋಡ್ತಿಯಲ್ಲ,” ಎಂದಳು ನನಗಷ್ಟೇ ಕೇಳುವಂತೆ, “ನನ್ನಲ್ಲಿ ಎಂತ ಕಮ್ಮಿ ಉಂಟು ಅಂತ ಕಾಣುದಿಲ್ವಾ?” ನಾನೂ ಪಕ್ಕದಲ್ಲಿ ಕುಳಿತು ಬೇಳೆ ಒರಸತೊಡಗಿದೆ.

ಆ ಬೇಳೆಯನ್ನು ಅರೆದು, ಸೋಸಿ, ಲೆಕ್ಟಿನ್ ಬೇರ್ಪಡಿಸಿ, ಅದಕ್ಕೆ ಕಂದು ಬಣ್ಣ ಬರಿಸುವ ಗುರುತು ಕೂಡಿಸಲು ನನ್ನ ಗೈಡ್ ಇದ್ದ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಎರಡು ತಿಂಗಳು ಹಿಡಿಯಿತು. ಕೊನೆಗೆ ಇಲಿಯ ವೃಷಣದ ತೆಳು ಪದರದ ಮೇಲೆ ಅದನ್ನು ಹನಿಸಿ, ತೊಳೆದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ದುಂಡಗಿನ ಎಳೆ ಕೋಶಗಳು. ಒಂದೊಂದರಲ್ಲೂ ಒಂದು ಬದಿಗೆ ಒಂದೇ ಒಂದು ಕಂದು ಚುಕ್ಕೆ. ಸ್ವಲ್ಪ ಬಲಿತವುಗಳಲ್ಲಿ ಆ ಚುಕ್ಕೆ ಹರಡಿ ಟೊಪ್ಪಿಯಾಗಿತ್ತು. ಇನ್ನೂ ಬಲಿತವು ಬಾಲ ಬಿಟ್ಟು, ತಲೆ ಉದ್ದ ಮಾಡಿಕೊಂಡು, ಮುಟ್ಟಾಳೆ ಎಂಬ ಅಡಿಕೆ ಹಾಳೆಯ ಟೊಪ್ಪಿ ಇಟ್ಟು ಗದ್ದೆಗೆ ಹೊರಟ ಆಳುಗಳಂತೆ ಸಾಲಾಗಿದ್ದವು. ಅಂಡದೊಳಕ್ಕೆ ದಾರಿ ಮಾಡಿಕೊಡುವುದು ಆ ಟೊಪ್ಪಿಯೇ. ನಮ್ಮ ಹಿತ್ತಿಲ ಹಲಸಿನ ಮರಕ್ಕೂ ಹುಟ್ಟಬೇಕಾದ ಇಲಿಮರಿಗೂ ಎಲ್ಲಿಯ ನೆಂಟಸ್ತನ? ಇದರ ಬೇಳೆ ಅದರ ಸಕ್ಕರೆಯನ್ನು ಗುರುತು ಹಿಡಿಯುತ್ತದೆ. ನಾನು ದೇವಸ್ಥಾನದಲ್ಲೂ ಅವಸರದಲ್ಲಿ ಕೈಮುಗಿಯುವವಳು, ಅಂದು ಸ್ಟೂಲಿನಿಂದ ಎದ್ದು ನಿಂತು ಮುಗಿದೆ. ಯಾರಾದರೂ ನೋಡಿದರೇನೋ ಎಂದು ಆಮೇಲೆ ನಾಚಿಕೆಯಾಯಿತು.

ಸ್ಲೈಡುಗಳೊಂದಿಗೆ ಪುತ್ತೂರಿಗೆ ಮರಳಿದ ವಾರವೇ ಅಮ್ಮ ಬಂದರು. ಸುಳ್ಯದಲ್ಲಿ ಅಣ್ಣನಿಗೆ ಹೆಣ್ಣು ನೋಡಲು ನಾನೂ ಜೊತೆಗೆ ಹೋಗಬೇಕಂತೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಲೇಜಿನ ಲ್ಯಾಬಿಗೆ ಕರೆದುಕೊಂಡು ಹೋದೆ. ಆ ಶನಿವಾರ ಸಾಂತಾಣಿಯನ್ನು ನಾನು ಹೀಗಳೆದದ್ದು ಅವರ ಮನಸ್ಸಿನಲ್ಲಿ ಇನ್ನೂ ಕುಳಿತಿತ್ತು.

“ನಾನು ಬೇಯಿಸಿದ್ದಕ್ಕೆ ಎಂತ ಹೋಯಿತು ಮಾರಾಯ್ತಿ? ಬೇಳೆ ಬೇಳೆಯೇ ಅಲ್ವಾ?”

ಬೆರಳು ಚುಚ್ಚಿಕೊಂಡು, ರಕ್ತವನ್ನು ಉಪ್ಪುನೀರಿನಲ್ಲಿ ಬೆರೆಸಿ, ಎರಡು ಗಾಜಿನ ಮೇಲೆ ಹನಿಸಿದೆ. ಒಂದಕ್ಕೆ ಹಸಿ ಬೇಳೆಯ ರಸ, ಇನ್ನೊಂದಕ್ಕೆ ನಾನು ತಿಂದು ಉಳಿದಿದ್ದ ಸಾಂತಾಣಿ ಅರೆದ ನೀರು. ಮೊದಲನೆಯದರಲ್ಲಿ ರಕ್ತ ಕಣ್ಣೆದುರೇ ಗಂಟುಗಂಟಾಯಿತು. ಎರಡನೆಯದು ಇದ್ದ ಹಾಗೇ ಇತ್ತು. ಅಮ್ಮ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

ಆಮೇಲೆ ಸೂಕ್ಷ್ಮದರ್ಶಕ, ಇಲಿಯ ವೀರ್ಯಾಣುಗಳು ಎಂದು ಹೇಳಿ ತೋರಿಸಿದೆ. ಒಂದು ಕಣ್ಣನ್ನು ಕೈಯಿಂದ ಮುಚ್ಚಿ ಬಗ್ಗಿದರು. “ಎಲ್ಲದಕ್ಕೂ ಮುಟ್ಟಾಳೆ ಉಂಟು,” ಎಂದರು ಮೆಲ್ಲಗೆ. “ಮನುಷ್ಯರದ್ದೂ ಹೀಗೆಯಾ?”

“ಹೆಚ್ಚುಕಡಿಮೆ ಹೀಗೆಯೇ. ಕೆಲವು ಗಂಡಸರದ್ದಕ್ಕೆ ಮುಟ್ಟಾಳೆ ಇರುದಿಲ್ಲ. ಕೆಲವರಲ್ಲಿ ಈ ವೀರ್ಯಾಣುವೇ ಇರುದಿಲ್ಲ. ಹೊರಗಿನಿಂದ ಗೊತ್ತಾಗುದಿಲ್ಲ ಅಮ್ಮ. ಗುಂಡುಕಲ್ಲಿನ ಹಾಗೆಯೇ ಇರ್ತಾರೆ.”

ಬಸ್‌ಸ್ಟ್ಯಾಂಡಿಗೆ ನಡೆದು ಬಂದು ಬೆಂಚಿನಲ್ಲಿ ಕುಳಿತೆವು. ಸುಳ್ಯದ ಬಸ್ಸು ಬಂತು. ಕಂಡಕ್ಟರ್ ಎರಡು ಸಲ ಕೂಗಿದ. ಅಮ್ಮ ಏಳಲಿಲ್ಲ. ಬಸ್ಸು ಹೋಯಿತು.

“ಸಾಂತಾಣಿ ಬಿತ್ತಿ, ಮೊಳಕೆ ಬರಲಿಲ್ಲ ಅಂತ ಮಣ್ಣಿಗೆ ಬೈದರೆ ಆಗ್ತದಾ?” ಎಂದು ಕೇಳಿದರು. ಕೇಳಿದ್ದು ನನ್ನನ್ನಲ್ಲ.

ಕಡಬದ ಬಸ್ಸಿಗೆ ಹತ್ತಿಸಿದೆ. ಕಿಟಕಿಯ ಬದಿ ಕುಳಿತು ಸೆರಗು ಸರಿಮಾಡಿಕೊಂಡರು. “ಅಣ್ಣನನ್ನು ಸೋಮವಾರ ಕಳಿಸ್ತೇನೆ. ಡಾಕ್ಟರರಲ್ಲಿಗೆ ನೀನೇ ಕರೆದುಕೊಂಡು ಹೋಗು. ಅತ್ತಿಗೆಯ ಹತ್ತಿರ ನಾನು ಮಾತಾಡ್ತೇನೆ.”

“ಎಂತ ಹೇಳ್ತೀರಿ?”

“ಎಂಟು ವರ್ಷ ನೋಡದೆ ಬೈದೆ ಅಂತ.”