ನೀರಿಗಿಳಿಯುವ ಗಡಿಯಾರ

ನಮ್ಮ ಹೊಲ ತೂಬಿನಿಂದ ಆರನೆಯದು, ಅಂದರೆ ಕಡೆಯದು. ಕಾಲುವೆ ನೀರಿಗೆ ಕಾಯ್ದವರಿಗಷ್ಟೇ ಈ ಮಾತಿನ ಭಾರ ತಿಳಿದೀತು. ಭೀಮರಾಯನಗುಡಿಯ ಕ್ಯಾಂಪು ದಾಟಿ ಬರುವ ಮರಿಗಾಲುವೆಯ ಮೇಲೆ ನಮ್ಮ ತೂಬು. ವಾರಕ್ಕೊಂದು ದಿನ ಮುಂಜಾನೆ ಆರಕ್ಕೆ ಅದನ್ನು ತೆರೆಯುತ್ತಿದ್ದರು, ಸಂಜೆ ಆರಕ್ಕೆ ಮುಚ್ಚುತ್ತಿದ್ದರು. ಆರು ಹೊಲ, ಹನ್ನೆರಡು ತಾಸು, ಒಬ್ಬೊಬ್ಬರಿಗೆ ಎರಡು ತಾಸಿನ ಪಾಳಿ. ನಮ್ಮದು ನಾಲ್ಕರಿಂದ ಆರು. ನಾನು ಮದುವೆಯಾಗಿ ಬಂದ ಮೊದಲ ಎರಡು ವರ್ಷ ಒಂದು ವಾರವೂ ನಮಗೆ ನಾಲ್ಕಕ್ಕೆ ನೀರು ಸಿಗಲಿಲ್ಲ. ಐದಕ್ಕೆ ಬರುತ್ತಿತ್ತು, ಕೆಲವೊಮ್ಮೆ ಐದೂಕಾಲಿಗೆ. ಆರಕ್ಕೆ ಮಾತ್ರ ಗೇಟಿನವನು ಸೈಕಲ್ ಮೇಲೆ ಬಂದು ತಪ್ಪದೇ ಮುಚ್ಚಿ ಹೋಗುತ್ತಿದ್ದ.

ಹೊಲದ ಕೆಳಗಿನ ನಾಲ್ಕು ಸಾಲು ಮೆಣಸಿನಗಿಡ ಹೀಗೆ ಪ್ರತಿ ವರ್ಷ ಒಣಗುತ್ತಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನಮ್ಮದು ಅದೇ ಕಥೆ. ನಮ್ಮ ಅತ್ತೆ ಮಾತ್ರ ಹಟಮಾರಿ. ಒಣಗುತ್ತದೆಂದು ಗೊತ್ತಿದ್ದೂ ಆ ನಾಲ್ಕು ಸಾಲಿಗೆ ಪ್ರತಿ ವರ್ಷ ಸಸಿ ಹಚ್ಚುತ್ತಿದ್ದರು. ಒಡ್ಡಿನ ಮೇಲೆ ನಿಂತು ಸೊಂಟಕ್ಕೆ ಕೈಯಿಟ್ಟು ಬೈಯುತ್ತಿದ್ದರು. "ಹೆಸರಿಗಿ ನೀರಾವರಿ ಹೊಲ ನಮ್ದು. ಕಡೀ ಸಾಲಿನಾಗ ಕೈ ತೊಳ್ಕೊಳ್ಳಾಕ ನೀರಿಲ್ಲ!"

ಕಳ್ಳರು ಯಾರು ಎಂದು ನೋಡಿದರೆ ಯಾರೂ ಇರಲಿಲ್ಲ. ಮೇಲಿನ ಐದೂ ಮಂದಿ ಒಳ್ಳೆಯವರೇ, ನಮ್ಮ ಮನೆಯ ಒಳಿತು ಕೆಡುಕಿಗೆ ಓಡಿಬರುವವರೇ. ಕೇಳಿದರೆ ಪ್ರತಿಯೊಬ್ಬರೂ, "ನಾ ಎರಡು ತಾಸಿಗಿ ಒಂದು ನಿಮಿಷ ಹೆಚ್ಚು ತಗೊಂಡಿಲ್ಲ, ಬೇಕಾದ್ರ ಆಣಿ ಮಾಡ್ತೀನಿ" ಅನ್ನುತ್ತಿದ್ದರು. ಅದು ನಿಜವೂ ಆಗಿತ್ತು. ಸುಳ್ಳು ಹೇಳುವವನ ಜೊತೆ ಜಗಳ ಕಾಯಬಹುದು. ನಿಜ ಹೇಳುವ ಐದು ಮಂದಿಯ ಜೊತೆ ಏನು ಮಾಡುವುದು? ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದೇ ತಿಳಿಯುತ್ತಿರಲಿಲ್ಲ.

ಒಂದು ಪಾಳಿಯ ದಿನ ಮುಂಜಾನೆಯಿಂದಲೇ ತೂಬಿನ ಹತ್ತಿರ ಕೂತು ನೋಡಿದೆ. ತೂಬಿನ ಪಕ್ಕ ಒಂದು ಜಾಲಿಗಿಡ. ಪಾಳಿ ಬಂದವನು ಮೊದಲು ಮಾಡುವ ಕೆಲಸ ಕೈಗಡಿಯಾರ ಬಿಚ್ಚಿ ಆ ಜಾಲಿಯ ಟೊಂಗೆಗೆ ಕಟ್ಟುವುದು. ಮದುವೆಯಲ್ಲಿ ಬೀಗರು ಕೊಟ್ಟ ಗಡಿಯಾರ, ನೀರು ತಾಗಿದರೆ ಸತ್ತೇ ಹೋಗುತ್ತದೆ ಎಂಬ ಭಯ. ಆಮೇಲೆ ಧೋತರ ಎತ್ತಿಕಟ್ಟಿ ನೀರಿಗಿಳಿದು, ಹಿಂದಿನವನ ಹೊಲಕ್ಕೆ ನೀರು ಹೋಗುವ ಬಾಯಿಗೆ ಮಣ್ಣು ಒಟ್ಟಿ, ತನ್ನ ಹೊಲದ ಬಾಯಿ ಒಡೆಯುತ್ತಿದ್ದ. ಮೇಲೆ ಬಂದು ಕಾಲು ತೊಳೆದು, ಟವೆಲ್ಲಿನಿಂದ ಕೈ ಒರೆಸಿ, ಎಲೆ ಅಡಿಕೆ ಹಾಕಿಕೊಂಡು, ಗಡಿಯಾರ ಕಟ್ಟಿಕೊಂಡು ಅದರ ಮುಖ ನೋಡುತ್ತಿದ್ದ. "ಎಂಟೂ ಇಪ್ಪತ್ತು. ನಂದು ಹತ್ತೂ ಇಪ್ಪತ್ತರತನಕ." ಗಡಿಯಾರ ಕಟ್ಟಿದ ಮೇಲೆ ಪಾಳಿ ಶುರು ಎಂಬುದು ನಮ್ಮ ತೂಬಿನ ರೂಢಿ. ಬಿಚ್ಚಿದ್ದಕ್ಕೂ ಕಟ್ಟಿದ್ದಕ್ಕೂ ನಡುವಿನ ಹತ್ತು ಹದಿನೈದು ನಿಮಿಷ ಯಾರ ಲೆಕ್ಕಕ್ಕೂ ಇಲ್ಲ. ಹನಿ ಹನಿ ಕೂಡಿದರೆ ಹಳ್ಳ. ಐದು ಮಂದಿ ಗಡಿಯಾರ ಬಿಚ್ಚಿ ಕಟ್ಟುವಷ್ಟರಲ್ಲಿ ನಮ್ಮ ಒಂದು ತಾಸು ಹೋಗಿಬಿಡುತ್ತಿತ್ತು.

ಕಂಡುಹಿಡಿದೆ ಎಂದು ಕುಣಿಯುತ್ತ ಮನೆಗೆ ಬಂದೆ. ಮುಂದಿನ ವಾರ ನನ್ನ ಯಜಮಾನರ ಗಡಿಯಾರ ಕೇಳಿ ಇಸಿದುಕೊಂಡೆ. ಅವರು ಬಳಿಚಕ್ರದ ಕಡೆ ಒಂದು ಶಾಲೆಯಲ್ಲಿ ಮಾಸ್ತರು, ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೋಗುವವರು. ಹೊಲ ನನ್ನದು ಮತ್ತು ಅತ್ತೆಯದು. ನಮ್ಮ ತವರಿನವರು ಮದುವೆಯಲ್ಲಿ ಅಳಿಯನಿಗೆ ಕೊಟ್ಟ ಆ ಚಿನ್ನದ ಬಣ್ಣದ ಗಡಿಯಾರ ಕಟ್ಟಿಕೊಂಡೇ ನಾನು ನೀರಿಗಿಳಿದೆ. ಬಿಚ್ಚುವುದಿಲ್ಲ ಎಂಬ ಹಟ. ಮಣ್ಣು ಎತ್ತಿ ಮೇಲೆ ಬರುವಷ್ಟರಲ್ಲಿ ಗಾಜಿನೊಳಗೆ ಮಂಜು ಕವಿದಿತ್ತು. ಮನೆ ಸೇರುವಷ್ಟರಲ್ಲಿ ಮುಳ್ಳು ನಿಂತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಶನಿವಾರ ಅವರು ಬಂದಾಗ ಗಡಿಯಾರ ಅಂಗೈ ಮೇಲಿಟ್ಟು ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. ಮಣಿಕಟ್ಟಿನ ಮೇಲೆ ಗಡಿಯಾರ ಇದ್ದ ಜಾಗ ಬೆಳ್ಳಗಾಗಿತ್ತು, ಅಲ್ಲಿ ಸುಮ್ಮನೆ ತಿಕ್ಕಿಕೊಂಡರು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅತ್ತೆ ಒಳಗಿನಿಂದಲೇ ತೀರ್ಪು ಕೊಟ್ಟರು. "ಸತ್ತದ್ದು ಸತ್ತದ. ನೀರಾಗ ಸಾಯಲಾರದ್ದು ಒಂದು ಹುಡುಕ್ಕೊಂಡು ಬರ್ರಿ. ಈ ಹುಡುಗಿ ಹಿಡಿದ ಹಾದಿ ಖರೇ ಅದ."

ಮರುದಿನ ಇಬ್ಬರೂ ಯಾದಗಿರಿಗೆ ಹೋದೆವು. ಸ್ಟೇಷನ್ ರಸ್ತೆಯ ದೊಡ್ಡ ಅಂಗಡಿಯಲ್ಲಿ ಗಡಿಯಾರ ನನಗೆ ಎಂದೊಡನೆ ಅಂಗಡಿಯವರು ಮಖಮಲ್ ಡಬ್ಬಿ ತೆಗೆದರು. ಒಳಗೆ ತೊಗರಿಬೇಳೆಯಷ್ಟು ಅಗಲದ ಗಡಿಯಾರ.

"ಲೇಡೀಸ್ ಮಾಡಲ್ ರಿ ಅಕ್ಕಾರ. ಕೈಗಿ ಬಾಳ ನಾಜೂಕ ಕಾಣ್ತದ."

"ಇದನ್ನ ಕಟ್ಟಿಕೊಂಡು ಸಲಿಕಿ ಹಿಡಿದ್ರ?"

"ಸಲಿಕಿ?" ಎಂದು ಅವರು ನನ್ನನ್ನು ಬಿಟ್ಟು ಯಜಮಾನರ ಮುಖ ನೋಡಿದರು. ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದು ಒಂದು ಕಬ್ಬಿನ ಹಾಲು ಕುಡಿದ ಮೇಲೆಯೇ ತಣ್ಣಗಾದದ್ದು.

ಶಹಾಪುರದ ಸಂತೆಗೆ ಅತ್ತೆಯ ಜೊತೆ ಹೋದಾಗ ಅಲ್ಲಿಯೂ ನೋಡಿದೆ. ಆಗ ಹೊಸದಾಗಿ ಬಂದಿದ್ದ ಅಂಕಿಯ ಗಡಿಯಾರ, ಕಪ್ಪು ರಬ್ಬರು ಪಟ್ಟಿ, ನಾಲ್ಕು ಕಡೆ ನಾಲ್ಕು ಗುಂಡಿ. ನೀರು ತಾಗಿದರೂ ಏನೂ ಆಗುವುದಿಲ್ಲ ಎಂದರು ಮಾರುವವರು. ಬಿಸಿಲಿಗೆ ಹಿಡಿದು ನೋಡಿದೆ, ಅಂಕಿ ಮಸುಕಾಗಿ ಕಾಣಲೇ ಇಲ್ಲ. ಅತ್ತೆಗೆ ಕೊಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟರು. "ಮುಳ್ಳಿಲ್ಲಲ್ಲ ಇದಕ್ಕ. ಮುಳ್ಳಿದ್ರ ನನಗ ತಿಳೀತದ, ಇದು ಓದಿದವರ ಗಡಿಯಾರ." ನಾನು ಅಲ್ಲಿಯೇ ಒಂದು ಪಾಠ ಕಲಿತೆ. ನನ್ನೊಬ್ಬಳಿಗೆ ತಿಳಿದರೆ ಸಾಲದು. ತೂಬಿನ ಮೇಲೆ ನಿಂತ ಅಕ್ಷರ ಬಾರದವರೂ ನೋಡಿ ಒಪ್ಪಬೇಕು. ಮುಳ್ಳಿರಬೇಕು, ಮುಖ ದೊಡ್ಡದಿರಬೇಕು, ದೂರಕ್ಕೂ ಕಾಣಬೇಕು.

ಕೊನೆಗೆ ಒಬ್ಬಳೇ ಬಸ್ಸು ಹತ್ತಿ ಸುರಪುರಕ್ಕೆ ಹೋದೆ. ಊರಿಗೆ ಅಂಟಿಕೊಂಡಿರುವ ರಂಗಂಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಮುದುಕರ ಸಣ್ಣ ಅಂಗಡಿ ಇತ್ತು. ಹತ್ತು ಹದಿನೈದು ಗಡಿಯಾರ ಮಾರಾಟಕ್ಕೂ ಇಟ್ಟಿದ್ದರು. ಊರೆಲ್ಲ ಅವರನ್ನು ಚಾಚಾ ಅನ್ನುತ್ತಿತ್ತು, ನಾನೂ ಅಂದೆ. ಯಾವ ಗಡಿಯಾರ ಚಲೋ ಎಂದು ಕೇಳಿದರೆ ಮಾರುವವರು ಎಲ್ಲವೂ ಚಲೋ ಅನ್ನುತ್ತಾರೆ. ಎರಡು ಅಂಗಡಿ ಸುತ್ತಿ ನನಗೆ ಅಷ್ಟು ಬುದ್ಧಿ ಬಂದಿತ್ತು. ಹಾಗಾಗಿ ಬೇರೆ ಥರ ಕೇಳಿದೆ.

"ಚಾಚಾ, ನಿಮ್ಮ ಹಂತೇಕ ರಿಪೇರಿಗಿ ಬರಲಾರದ ಗಡಿಯಾರ ಯಾವುದು ಅದ?"

ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಅವರು ನನ್ನನ್ನು ಸರಿಯಾಗಿ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. "ನಲವತ್ತು ವರ್ಷದಾಗ ಹಿಂಗ ಯಾರೂ ಕೇಳಿಲ್ಲ ಬೇಟಿ. ನೀರಾಗ ಬಿದ್ದ ಗಡಿಯಾರದಿಂದ ನನ್ನ ರೊಟ್ಟಿ ನಡೀತದ. ಕೆನಾಲ್ ಬಂದ ಮ್ಯಾಲ ನನಗ ಪುರಸತ್ತಿಲ್ಲ!" ಎಂದು ತಮ್ಮ ತೋಳು ಮೇಲೆ ಮಾಡಿದರು. "ಇದು ನೋಡು. ನಾ ಕಟ್ಟಿಕೊಂಡದ್ದು. ಇಂಥದ್ದು ಒಯ್ದವರಲ್ಲಿ ಒಬ್ಬರೂ ವಾಪಸ್ ಬಂದಿಲ್ಲ."

ಉಕ್ಕಿನ ಗಡಿಯಾರ, ಕರಿಯ ಮುಖ, ಬಿಳಿಯ ದೊಡ್ಡ ಅಂಕಿ, ದಪ್ಪ ಮುಳ್ಳು. ಅಂಥದೇ ಹೊಸತೊಂದನ್ನು ತೆಗೆದು ಹಿಂದಿನ ಮುಚ್ಚಳ ಬಿಚ್ಚಿ ತೋರಿಸಿದರು. ಒತ್ತಿ ಕೂರಿಸುವ ಮುಚ್ಚಳವಲ್ಲ, ತಿರುಗಿಸಿ ಬಿಗಿಯುವುದು. ಅದರಡಿ ಒಂದು ರಬ್ಬರಿನ ಉಂಗುರ. ಚಾವಿ ಕೊಡುವ ಗುಂಡಿಯೂ ಒಳಕ್ಕೆ ತಿರುಗಿ ಬಿಗಿಯಾಗುತ್ತಿತ್ತು. "ನೀರು ಕಳ್ಳ ಇದ್ದಾಂಗ, ಗಾಜಿನಿಂದ ಬರಂಗಿಲ್ಲ, ಈ ಗುಂಡಿ ಸಂದಿಯಿಂದ ಬರ್ತದ" ಎಂದರು. ಚರ್ಮದ ಪಟ್ಟಿ ಕೊಳೆಯುತ್ತದೆ, ಉಕ್ಕಿನ ಚೈನು ಬಿಸಿಲಿಗೆ ಸುಡುತ್ತದೆ ಎಂದು ತಾವೇ ದಪ್ಪ ನೈಲಾನು ಪಟ್ಟಿ ಹಾಕಿದರು. ಗಂಡಸರ ಗಡಿಯಾರ ಎಂದು ನೆನಪಿಸಲಿಲ್ಲ. ಆ ಒಂದಕ್ಕೇ ಅವರ ಮೇಲೆ ನನಗೆ ಪ್ರೀತಿ ಬಂತು.

ಆದರೂ ಒಮ್ಮೆ ಕೈ ಸುಟ್ಟುಕೊಂಡವಳು ನಾನು. "ಚಾಚಾ, ನೀರಾಗ ಹಾಕ್ರಿ" ಅಂದೆ. ಅವರು ಕುಡಿಯುವ ನೀರಿನ ಲೋಟಕ್ಕೆ ಗಡಿಯಾರ ಇಳಿಬಿಟ್ಟರು. ನಾನು ಎದ್ದು ಹೋಗಿ, ಬಿಸಿ ಮಿರ್ಚಿ ಭಜಿ, ಮಂಡಕ್ಕಿ ತಿಂದು, ಚಹಾ ಕುಡಿದು, ಅತ್ತೆಗೆ ತಂಬಾಕು ಕೊಂಡು, ಬೇಕೆಂದೇ ಸಾವಕಾಶ ಮಾಡಿ ತಿರುಗಿ ಬಂದೆ. ಲೋಟದೊಳಗೆ ಸೆಕೆಂಡಿನ ಮುಳ್ಳು ಟಕಟಕ ತಿರುಗುತ್ತಲೇ ಇತ್ತು. ಚಾಚಾ ಎರಡೂ ಕೈ ಎತ್ತಿ, "ಈಗರೆ ನಂಬಿಕಿ ಬಂತೇನು?" ಎಂದರು. ಹಸಿರು ಬಳೆಗಳನ್ನು ಹಿಂದಕ್ಕೆ ಸರಿಸಿ ಗಡಿಯಾರ ಕಟ್ಟಿಕೊಂಡೆ. ಬಸ್ಸಿನಲ್ಲಿ ಊರು ಬರುವತನಕ ಸೆರಗಿನಿಂದ ಕೈ ಹೊರಗೇ ಇಟ್ಟಿದ್ದೆ, ಯಾಕೆ ಸುಳ್ಳು ಹೇಳಲಿ.

ಪಾಳಿಯ ದಿನ ಆರಕ್ಕೆ ಮೊದಲೇ ತೂಬಿನ ಮೇಲೆ ನಿಂತೆ. ಮೊದಲ ಹೊಲದ ಯಜಮಾನರು ಊರಿಗೆ ಹಿರಿಯರು, ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಅವರ ಬೆಳ್ಳಿ ಬಣ್ಣದ ಗಡಿಯಾರವೇ ನಮ್ಮ ತೂಬಿನ ಟೈಮು. ಉಳಿದ ನಾಲ್ವರೂ ಅಲ್ಲಿದ್ದರು. ನಾನು ಹೇಳುವುದನ್ನು ಹೇಳಿದೆ. ಇನ್ನು ಮೇಲೆ ಪಾಳಿ ಬದಲಾಗುವಾಗ ನಾನು ಗಡಿಯಾರ ಕಟ್ಟಿಕೊಂಡೇ ನೀರಿನಲ್ಲಿ ನಿಲ್ಲುತ್ತೇನೆ, ಮುಂದಿನವರು ಮೊದಲೇ ಇಳಿದು ಸಲಿಕೆ ಹಿಡಿದು ತಯಾರಿರಬೇಕು, ನಾನು ಎಂಟು ಅಂದರೆ ಎಂಟಕ್ಕೇ ಬಾಯಿ ಕಟ್ಟಬೇಕು.

ಕಾಕಾ ಮೀಸೆ ತಿರುವಿದರು. "ಹೆಣ್ಮಗಳ ಗಡಿಯಾರಕ್ಕ ಐದು ಮಂದಿ ಗಂಡಸರು ನಡೀಬೇಕೇನು ತಂಗಿ?"

"ನನ್ನ ಗಡಿಯಾರಕ್ಕ ನಡೀಬ್ಯಾಡ್ರಿ ಕಾಕಾ, ನಿಮ್ಮದಕ್ಕ ನಡೀರಿ. ಆದ್ರ ಅದನ್ನ ಬಿಚ್ಚಬ್ಯಾಡ್ರಿ. ಕಟ್ಟಿಕೊಂಡೇ ನೀರಿಗಿಳೀರಿ."

ಕಾಕಾ ತಮ್ಮ ಗಡಿಯಾರ ನೋಡಿಕೊಂಡರು, ನೀರು ನೋಡಿದರು. ಎರಡನೇ ಹೊಲದವರು ಕಿಸಕ್ಕನೆ ನಕ್ಕರು. "ಇಳೀರಿ ಕಾಕಾ, ಬೀಗರು ಇನ್ನೊಂದು ಕೊಡ್ತಾರ!" ಎಲ್ಲರೂ ನಗತೊಡಗಿದರು. ಕಾಕಾ ಮಾತ್ರ ನಗಲಿಲ್ಲ, ಅವರ ಮುಖ ಕೆಂಪಗಾಯಿತು. ಅಲ್ಲಿ ಗೆದ್ದೆ ಎಂದು ಬೀಗಿದ್ದರೆ ಎಲ್ಲ ಕೆಡುತ್ತಿತ್ತು. ನನಗೂ ಆ ಹೊತ್ತಿಗೆ ಎಲ್ಲಿಂದಲೋ ಜಾಣತನ ಬಂತು. ಗಡಿಯಾರ ಬಿಚ್ಚಿ ಅವರ ಕೈಗೇ ಕೊಟ್ಟೆ. "ನಿಮ್ಮ ಟೈಮಿಗೆ ನೀವೇ ಕೂಡಿಸಿ ಕೊಡ್ರಿ. ಟೈಮು ನಿಮ್ದು, ಗಡಿಯಾರ ನಂದು."

ಕಾಕಾ ಎರಡೂ ಗಡಿಯಾರ ಅಕ್ಕಪಕ್ಕ ಹಿಡಿದು, ಗುಂಡಿ ಸಡಿಲಿಸಿ, ನನ್ನ ಮುಳ್ಳನ್ನು ಮೂರು ನಿಮಿಷ ಮುಂದೆ ಮಾಡಿದರು. ಗುಂಡಿ ಬಿಗಿಯುವುದನ್ನು ನಾನು ತೋರಿಸಿಕೊಟ್ಟೆ. "ಹೂಂ, ಈಗ ಬರೋಬರಿ ಆತು" ಎಂದು ವಾಪಸು ಕೊಟ್ಟರು. ಆಮೇಲೆ ಯಾರೂ ಎದುರು ಮಾತಾಡಲಿಲ್ಲ, ಅದು ಕಾಕಾನ ಟೈಮಲ್ಲವೇ.

ಎಂಟಕ್ಕೆ ಮೊಣಕಾಲು ನೀರಿನಲ್ಲಿ ನಿಂತು "ಎಂಟು!" ಎಂದು ಕೂಗಿದೆ. ನನ್ನ ದನಿಯೇ ನನಗೆ ಹೊಸದಾಗಿ ಕೇಳಿಸಿತು. ಹತ್ತಕ್ಕೆ ಕೂಗಿದೆ, ಹನ್ನೆರಡಕ್ಕೆ ಕೂಗಿದೆ. ಎರಡರ ಪಾಳಿಯವರು ಹಳೆಯ ಚಾಳಿಯಂತೆ ಗಡಿಯಾರ ಬಿಚ್ಚಿ ಜಾಲಿಯ ಕಡೆ ಹೊರಟರು, ನೆನಪಾಗಿ ನಾಲಿಗೆ ಕಚ್ಚಿ, ಗಡಿಯಾರ ಕಿಸೆಗಿಟ್ಟು ನೀರಿಗಿಳಿದರು. ಮಣ್ಣು, ನೀರು, ಬಿಸಿಲು ಎಲ್ಲ ತಿಂದೂ ನನ್ನ ಮುಳ್ಳು ನಿಲ್ಲಲಿಲ್ಲ. ನಾಲ್ಕಾಯಿತು. ಇನ್ನೊಬ್ಬರ ಪಾಳಿ ಕೂಗಿ ಕೂಗಿ ಗಂಟಲು ಬಿದ್ದಿತ್ತು, ಆದರೂ ನಮ್ಮ ಪಾಳಿಯ "ನಾಲ್ಕು!" ಎಲ್ಲಕ್ಕಿಂತ ಜೋರಾಗಿ ಬಂತು. ನಮ್ಮ ಬಾಯಿ ನಾನೇ ಒಡೆದೆ.

ನೀರು ಸಾಲು ಹಿಡಿದು ಹೊರಟಿತು. ನಾನು ಅದರ ಜೊತೆ ಜೊತೆಗೆ ನಡೆದೆ, ಸಾಲಿನಿಂದ ಸಾಲಿಗೆ ಮಣ್ಣು ಎಳೆದು ತಿರುವಿದೆ. ಐದು ಹೊಡೆಯುವಾಗ ನೀರು ಅರ್ಧ ಹೊಲ ದಾಟಿತ್ತು. ಅತ್ತೆ ಕೆಳಗಿನ ಒಡ್ಡಿನ ಮೇಲೆ ನಿಂತಿದ್ದರು. ನೀರು ಆ ನಾಲ್ಕು ಸಾಲಿಗೆ ನುಗ್ಗಿತು, ಬಿರಿದ ಕರಿ ಮಣ್ಣು ಗುಳುಗುಳು ಎಂದು ಕುಡಿಯಿತು, ಕುಡಿದು ಸಾಕಾಗಿ ಮೇಲೆ ನಿಂತಿತು. ಕಡೆಯ ಸಾಲಿನಲ್ಲಿ ನೀರು ನಿಂತಿತು!

ಅತ್ತೆ ನನ್ನ ಮಣಿಕಟ್ಟು ಹಿಡಿದು ಗಡಿಯಾರವನ್ನು ಕಣ್ಣ ಹತ್ತಿರ ತಂದರು. ಕೆಸರು ಮೆತ್ತಿ ಮುಳ್ಳು ಕಾಣುತ್ತಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಕಡೆಯ ಸಾಲಿನಿಂದ ಬೊಗಸೆ ನೀರು ಎತ್ತಿ ಗಡಿಯಾರದ ಮೇಲೆ ಸುರಿದರು, ಇನ್ನೊಂದು ಬೊಗಸೆ ಸುರಿದರು, ಸೆರಗಿನಿಂದ ಗಾಜು ಒರೆಸಿದರು.

"ದೊಡ್ಡ ಮುಳ್ಳು ಇನ್ನಾ ಮ್ಯಾಲ ಹತ್ತಿಲ್ಲ" ಎಂದರು. "ಇನ್ನಾ ಕಾಲು ತಾಸು ಅದ ನಮ್ದು."

ಒಡ್ಡಿನ ಆಚೆ ಗೇಟಿನವನ ಸೈಕಲ್ಲು ಇನ್ನೂ ಕಾಣಿಸಿರಲಿಲ್ಲ. ಅತ್ತೆ ಅದೇ ಸಾಲಿನಲ್ಲಿ ಮೊದಲು ಒಂದು ಕೈ, ಆಮೇಲೆ ಇನ್ನೊಂದು ಕೈ, ಮೊಣಕೈತನಕ ಸಾವಕಾಶ ತೊಳೆದುಕೊಂಡರು.